ಎದ್ದು ನಿಲ್ಲದ ಜವೆಗೋಧಿ

ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಪಟ್ಟಣದಿಂದ ಹಿಂದಿರುಗಿದ ಅಕ್ಕ, ಅಮ್ಮನನ್ನು ಮಂಚದ ಮೇಲೆ ಕೂರಿಸಿದವಳೇ ನೇರ ಹಿಂದಿನ ಹೊಲಕ್ಕೆ ನಡೆದಳು. ಸೊಂಟದೆತ್ತರ ನಿಂತಿರಬೇಕಾಗಿದ್ದ ಜವೆಗೋಧಿ ಚಾಪೆ ಹಾಸಿದಂತೆ ನೆಲಕ್ಕೆ ಬಿದ್ದಿತ್ತು.

"ಲೋ, ಇಷ್ಟು ಬೇಗ ಯಾಕೋ ತುಳಿದೆ? ತೆನೆ ಇನ್ನೂ ಹೂ ಬಿಟ್ಟಿರಲಿಲ್ಲವಲ್ಲ!"

ಅವಳ ತಮ್ಮ ಹಸುವಿನ ಮೈ ಉಜ್ಜುತ್ತಿದ್ದ. ತಿರುಗಿ ನೋಡಲಿಲ್ಲ. "ನೀನಿಲ್ಲದಾಗ ಕೆಲಸ ಮುಗಿಸೋಣ ಅಂತ ಮಾಡ್ದೆ ಅಕ್ಕ."

"ಮುಗಿಸಿದ್ದೀಯ, ಬಿಡು. ನಾಲ್ಕು ದಿನ ತಾಳು, ಎದ್ದು ನಿಂತು ನಿನಗೆ ಸಲಾಂ ಹೊಡೆಯುತ್ತೆ. ಮತ್ತೆ ತುಳಿಯುವಾಗ ಗೊತ್ತಾಗುತ್ತೆ ಮಗನೇ, ಅವಸರದ ರುಚಿ."

ಅವಳು ನಕ್ಕಳು. ಅವನು ನಗಲಿಲ್ಲ.

ಆ ಮನೆಯಲ್ಲಿ ನೇಗಿಲು ಅಟ್ಟ ಸೇರಿ ಎಷ್ಟೋ ವರ್ಷಗಳಾಗಿದ್ದವು. ಗಂಡನ ಮನೆಯ ಋಣ ತೀರಿಸಿಕೊಂಡು ಬಂದ ಅಕ್ಕ, ಗಟ್ಟಿಯಾಗಿ ಹೆಂಚಿನಂತಾಗಿದ್ದ ಆ ನೆಲವನ್ನು ಮತ್ತೆ ಮಣ್ಣು ಮಾಡುತ್ತೇನೆಂದು ಹಟ ಹಿಡಿದಿದ್ದಳು. ಮಳೆ ನಿಂತೊಡನೆ ಜವೆಗೋಧಿ ಚೆಲ್ಲಬೇಕು. ಚಳಿಗಾಲವಿಡೀ ಅದು ನೆಲಕ್ಕೆ ಕಂಬಳಿಯಾಗಿ ಬೆಳೆಯಬೇಕು. ಬಿಸಿಲೇರುವ ಹೊತ್ತಿಗೆ ತೆನೆ ಹೂ ಬಿಟ್ಟಾಗ, ಹಲಗೆಯ ಎರಡು ತುದಿಗೆ ಹಗ್ಗ ಕಟ್ಟಿ, ಎತ್ತಿ ಇಟ್ಟು ಕಾಲಿನಿಂದ ಒತ್ತುತ್ತ, ಹೊಲದ ಉದ್ದಗಲಕ್ಕೂ ತುಳಿದು ಮಲಗಿಸಬೇಕು. ಆ ಹಾಸಿನ ನಡುವೆ ಕುಂಬಳದ ಸಸಿ ಊರಬೇಕು. ಕಾಯಿ ಕಿತ್ತ ಮೇಲೆ ಹಸುಗಳು ಬಂದು ಬಳ್ಳಿ ಮೇಯ್ದು, ಸಗಣಿ ಹಾಕಿ ಹೋಗಬೇಕು. ಉಳುವಂತಿಲ್ಲ, ಔಷಧಿ ಹೊಡೆಯುವಂತಿಲ್ಲ. ವಾರಕ್ಕೊಮ್ಮೆ ಬುಟ್ಟಿ ಹಿಡಿದು ತರಕಾರಿಗೆ ಬರುವ ಮನೆಗಳಿಗೆ ಅವಳು ಕೊಟ್ಟ ಮಾತು ಅದೊಂದೇ. ಅವರು ಅಷ್ಟು ದೂರದಿಂದ ಬರುತ್ತಿದ್ದದ್ದೂ ಆ ಮಾತಿಗೇ.

ಹೂವಾದ ಮೇಲೆ ತುಳಿದರೆ ಜವೆಗೋಧಿ ಸಾಯುತ್ತದೆ. ಅದಕ್ಕೂ ಮೊದಲು ತುಳಿದರೆ ಮೊಂಡು ಮಗುವಿನ ಹಾಗೆ ಮತ್ತೆ ತಲೆ ಎತ್ತುತ್ತದೆ. ಇದು ಆ ಮನೆಯ ಹಸುವಿಗೂ ಗೊತ್ತಿದ್ದ ವಿಷಯ.

ಆದರೆ ಜವೆಗೋಧಿ ಏಳಲಿಲ್ಲ.

ಅಕ್ಕ ದಿನಾ ಬೆಳಿಗ್ಗೆ ಹೋಗಿ ನೋಡಿದಳು. ಒಂದು ದಂಟೂ ಮೊಣಕೈ ಊರಿ ಮೇಲೇಳಲು ನೋಡಲಿಲ್ಲ. ಹಸಿರು ಹೋಗಿ ತುಕ್ಕಿನ ಬಣ್ಣ ಬಂತು, ಅದೂ ಎಲ್ಲೆಡೆ ಒಂದೇ ಸಮನಾಗಿ. ಬದುವಿನ ಮೇಲಿನ ಹುಲ್ಲನ್ನು ಯಾರ ಕಾಲೂ ತುಳಿದಿರಲಿಲ್ಲ. ಆದರೂ ಆ ಹುಲ್ಲಿನಲ್ಲಿ ಹೊಲದ ಬದಿಗಿದ್ದ ಅರ್ಧ ಮಾತ್ರ ಗೆರೆ ಎಳೆದಂತೆ ಒಣಗಿತ್ತು. ಆ ಗೆರೆಯ ಮುಂದೆ ಅವಳು ಕುಕ್ಕರಗಾಲಲ್ಲಿ ಕೂತಳು. ಮಂಡಿ ನೋಯುತ್ತಿದ್ದದ್ದು ಗೊತ್ತಾಗಲಿಲ್ಲ.

ಒಳಗೆ ಬಂದಾಗ ತಮ್ಮ ಊಟಕ್ಕೆ ಕೂತಿದ್ದ. ಅವನ ಹೆಂಡತಿ ಬಡಿಸುತ್ತಿದ್ದಳು. ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿದ್ದಳು.

"ಏನು ಹೊಡೆದೆ?"

ಅವನು ಅನ್ನ ಕಲಸುತ್ತಲೇ ಇದ್ದ.

"ನಿನ್ನನ್ನೇ ಕಣೋ ಕೇಳ್ತಿರೋದು. ತುಳಿದಿದ್ದೋ, ಹೊಡೆದಿದ್ದೋ?"

"ಎರಡೂ," ಎಂದ. "ಮೊದಲು ಕಳೆ ಔಷಧಿ ಹೊಡೆದೆ. ಆಮೇಲೆ ನೋಡೋರಿಗೆ ಇರಲಿ ಅಂತ ಹಲಗೆ ಎಳೆದೆ."

ನೋಡೋರಿಗೆ. ಅಕ್ಕನಿಗೆ ಔಷಧಿಗಿಂತ ಆ ಹಲಗೆಯೇ ಹೆಚ್ಚು ಉರಿಯಿತು. ತನ್ನ ಕಣ್ಣಿಗೆ ಮಣ್ಣೆರಚಲೆಂದೇ ತನ್ನದೇ ಹಲಗೆ ಎಳೆದಿದ್ದ.

"ಕೇಳಿದ್ದರೆ ನಾನೂ ಬರ್ತಿದ್ದೆನಲ್ಲೋ ತುಳಿಯೋಕೆ."

"ನಿನ್ನ ಮಂಡಿ ಹೋದಾಗಿಂದ ತುಳಿದೋನು ಯಾರು? ನೀನು ಬದುವಿನ ಮೇಲೆ ನಿಂತು, ಆ ಕಡೆ ಬಿಟ್ಟೆ, ಈ ಕಡೆ ಬಿಟ್ಟೆ ಅಂತೀಯ." ಅವನ ದನಿ ಏರಿತು. "ನಿನ್ನ ಮಣ್ಣಿಗೆ ಸುಸ್ತಾಗಬಾರದು. ನನಗೆ ಆಗಬಹುದು, ಅಲ್ವಾ?"

ಆ ಮಾತು ನಾಟಿತು. ನಾಟಿದ್ದನ್ನು ಅವಳು ತೋರಗೊಡಲಿಲ್ಲ.

"ಇದೊಂದೇ ಸಲವಾ?"

ಅವನು ನೀರಿನ ಲೋಟಕ್ಕೆ ಕೈ ಹಾಕಿದ. ಅವನ ಹೆಂಡತಿ ಸೌಟನ್ನು ಪಾತ್ರೆಯೊಳಗಿಟ್ಟು, "ಹೋದ ವರ್ಷವೂ ಅತ್ತಿಗೆ," ಎಂದಳು. "ನೀವು ಜ್ವರ ಬಂದು ಮಲಗಿದ್ದಿರಲ್ಲ, ಆಗ."

ಹೋದ ವರ್ಷ ಬುಟ್ಟಿಯವರನ್ನೆಲ್ಲ ಹೊಲದಲ್ಲಿ ನಿಲ್ಲಿಸಿ, ತಮ್ಮನ ಹೆಗಲ ಮೇಲೆ ಕೈಯಿಟ್ಟು, "ಇವನ ಕಾಲಿನ ಕೆಲಸ ನೋಡಿ, ಒಂದು ಕಳೆ ಇಲ್ಲ," ಎಂದು ಅವಳು ಹೊಗಳಿದ್ದಳು. ಅವನು ತಲೆ ತಗ್ಗಿಸಿದ್ದ. ನಾಚಿಕೆ ಸ್ವಭಾವ ಎಂದುಕೊಂಡಿದ್ದಳು.

"ನಿನಗೂ ಗೊತ್ತಿತ್ತಾ ಅಮ್ಮ?"

"ಕಣ್ಣು ಮಂಜಾಗಿತ್ತಮ್ಮ, ಮೂಗು ಚೆನ್ನಾಗೇ ಇತ್ತು," ಎಂದಳು ಅಮ್ಮ. "ಒಡಹುಟ್ಟಿದವರು ಕಿತ್ತಾಡೋದು ಬೇಡ ಅಂತ ಸುಮ್ಮನಿದ್ದೆ. ಈಗಲೂ ಅಷ್ಟೇ. ಮನೆ ಮಾತು ಮನೆಯಲ್ಲೇ ಇರಲಿ."

ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಬುಟ್ಟಿಯವರು ಮತ್ತು ಅವಳು. ತನ್ನ ಮನೆಯೊಳಗೇ ತಾನು ಗಿರಾಕಿಯಾಗಿದ್ದೆ ಎಂದು ಅವಳಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದವರು ನಿವೃತ್ತ ಮೇಷ್ಟ್ರು. ಬುಟ್ಟಿ ಕೆಳಗಿಟ್ಟು ಬದುವಿನ ಮೇಲಿಂದ ಹೊಲ ನೋಡಿದರು.

"ಈ ಸಲ ಎಷ್ಟು ಬೇಗ ಮಲಗಿಸಿಬಿಟ್ಟಿದ್ದೀರಿ! ತಮ್ಮ ಅಂದ್ರೆ ಹೀಗಿರಬೇಕು ನೋಡಮ್ಮ."

ತಮ್ಮ ಬದನೆಕಾಯಿ ಜೋಡಿಸುತ್ತಿದ್ದವನು ಕೈ ನಿಲ್ಲಿಸಿ ಅಕ್ಕನ ಮುಖ ನೋಡಿದ. ಚಿಕ್ಕಂದಿನಲ್ಲಿ ಏಟು ಬೀಳುವ ಮೊದಲು ಹೀಗೇ ನೋಡುತ್ತಿದ್ದ. ಆಗೆಲ್ಲ ಅವಳು ಅಡ್ಡ ನಿಲ್ಲುತ್ತಿದ್ದಳು.

"ಅದು ಔಷಧಿಗೆ ಸತ್ತಿರೋದು ಮೇಷ್ಟ್ರೇ," ಎಂದಳು. "ಹೋದ ವರ್ಷ ನೀವು ಒಯ್ದ ಕುಂಬಳಕಾಯಿಯೂ ಹಾಗೇ ಬೆಳೆದದ್ದು. ನನಗೆ ಗೊತ್ತಾಗಿದ್ದು ನಿನ್ನೆ."

ಮೇಷ್ಟ್ರು ತಮ್ಮನ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡಿದರು.

"ನಿಮ್ಮ ಮಾತು ನಂಬಿದ್ವಲ್ಲಮ್ಮ," ಎಂದು, ಖಾಲಿ ಬುಟ್ಟಿಯನ್ನು ಎತ್ತಿಕೊಂಡರು.

"ಸಮಾಧಾನ ಆಯ್ತಾ?" ಎಂದ ತಮ್ಮ.

ಗೇಟಿನ ಹತ್ತಿರ ಇನ್ನಷ್ಟು ಜನ ನಗುನಗುತ್ತಾ ಬರುತ್ತಿದ್ದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅವರ ಕಡೆ ನಡೆದಳು. ಅವರಿಗೂ ಹೇಳಬೇಕಿತ್ತು.