ಹಲ್ಲಕ್ಕ

ತೀರಿಕೊಂಡ ಅಕ್ಕನ ಗದ್ದದ ಕೆಳಗಿನಿಂದ ತಂದ ಬಟ್ಟೆಯನ್ನು ತಂಗಿ ನೆತ್ತಿಯ ಮೇಲೆ ಮತ್ತೆ ಬಿಗಿದು ಗಂಟು ಹಾಕಿದಳು. ಅಕ್ಕನ ಬಾಯಿ ಮತ್ತೆ ತುಸು ತೆರೆದುಕೊಂಡಿತು.

"ಬಿಡು ಚಿಕ್ಕಮ್ಮ," ಎಂದಳು ಮಗಳು. "ಬದುಕಿದ್ದಾಗ್ಲೇ ಅಮ್ಮನ ಬಾಯಿ ಮುಚ್ಸೋಕೆ ಯಾರ ಕೈಲೂ ಆಗ್ಲಿಲ್ಲ."

ಚಿಕ್ಕಮ್ಮ ನಕ್ಕಳು. ನಗುತ್ತಲೇ ಅತ್ತಳು.

ಸತ್ತವಳು ಹಲ್ಲಿನ ಆಸ್ಪತ್ರೆಯಲ್ಲಿ ದೊಡ್ಡವರಿಗೆ ಹಲ್ಲುಜ್ಜುವುದನ್ನು ಕಲಿಸುತ್ತಿದ್ದವಳು. ಊರಿಗೆಲ್ಲ ಹಲ್ಲಕ್ಕ. ಆ ಹೆಸರು ಕಿವಿಗೆ ಬಿದ್ದರೆ ಮಗಳು ಮುದುಡುತ್ತಿದ್ದಳು. ಅವಳ ಮದುವೆಯ ದಿನವೇ ಬೀಗರನ್ನು ಕೂರಿಸಿಕೊಂಡು ವಸಡಿನ ಪಾಠ ಮಾಡಿದ್ದಳು ತಾಯಿ! ಆಮೇಲೆ ಮಗಳು ತವರಿಗೆ ಬರುವುದೇ ಅಪರೂಪವಾಯಿತು.

ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಅಪ್ಪ ಕುಳಿತಿದ್ದರು. ಲಕ್ವ ಹೊಡೆದು ಮಾತು ನಿಂತಿತ್ತು. ಬಲಗೈ ಸ್ವಾಧೀನ ತಪ್ಪಿತ್ತು, ಎಡಗೈ ನಡುಗುತ್ತಿತ್ತು. ಬೆಳಗಿನಿಂದ ಗುಟುಕು ನೀರೂ ಕುಡಿದಿರಲಿಲ್ಲ.

ಡ್ಯೂಟಿಯ ಬಟ್ಟೆಯಲ್ಲೇ ಬಂದ ಬಸ್ ಡ್ರೈವರ್ ಒಬ್ಬ ಕೈಮುಗಿದು ಕುಳಿತ. "ನನ್ನ ಹಲ್ಲು ಉಳಿಸಿದ ತಾಯಿ," ಎಂದು ಮಗಳಿಗೆ ಹೇಳತೊಡಗಿದ.

*

ಆಸ್ಪತ್ರೆಗೆ ಹೋದ ಮೊದಲ ದಿನ ಅವನು ಹಲ್ಲಕ್ಕನ ಮೇಲೆ ರೇಗಿದ್ದ. "ಮೊಮ್ಮಕ್ಕಳಿರೋ ನಂಗೆ ಹಲ್ಲುಜ್ಜೋದು ಕಲಿಸ್ತೀರಾ?"

"ಬಸ್ಸು ಓಡ್ಸೋದು ಹೊಟ್ಟೇಲೇ ಕಲಿತು ಬಂದ್ರಾ? ಉಜ್ಜಿ, ನೋಡೋಣ."

ಅವನು ಗರಗರ ಉಜ್ಜಿದ.

"ಅಯ್ಯೋ, ತಳ ಹಿಡಿದ ಪಾತ್ರೆಯಲ್ಲಪ್ಪ ಅದು! ಮೆಲ್ಲಗೆ. ಬ್ರಷ್ಷು ಓರೆ ಹಿಡೀರಿ, ಹಲ್ಲು ವಸಡು ಸೇರೋ ಕಡೆಗೆ."

ಕೊಳೆ ತೆಗೆಯಲು ಹಲ್ಲಿನ ಸಂದಿಗೆ ದಾರ ಹಾಕಿದಾಗ ರಕ್ತ ಬಂತು. ದಾರ ಬಿಸಾಡಿ ಎದ್ದುಹೋದ. ಮರುದಿನ ಬಸ್ಸು ಹೊರಡುವ ಹೊತ್ತಿಗೆ ನೋಡಿದರೆ, ಅವನ ಸೀಟಿನ ಹಿಂದೆಯೇ ಹಲ್ಲಕ್ಕ.

"ರಕ್ತ ಬಂತು ಅಂತ ಬಿಡ್ತಾರಾ? ಕೊಳೆ ಕೂತು ವಸಡು ಊದಿದೆ, ಅದಕ್ಕೇ ರಕ್ತ. ದಿನಾ ಮಾಡಿ, ನಿಲ್ಲುತ್ತೆ. ನಿಲ್ಲದಿದ್ರೆ ಬಂದು ನನ್ನ ಬೈಯ್ರಿ." ಆಮೇಲೆ ದನಿ ತಗ್ಗಿಸಿದ್ದಳು. "ನಮ್ಮಮ್ಮನ ಹಲ್ಲು ನನ್ನ ವಯಸ್ಸಿಗೇ ಹೋಗಿತ್ತು. ಊಟಕ್ಕೆ ಗೋಡೆ ಕಡೆ ತಿರುಗಿ ಕೂರೋಳು. ಅವಳಿಗೆ ಯಾರೂ ಹೇಳಿಕೊಡ್ಲಿಲ್ಲ."

*

"ಅಜ್ಜಿ ವಿಷಯ ಅಮ್ಮ ನಂಗೆ ಹೇಳೇ ಇಲ್ಲ," ಎಂದಳು ಮಗಳು.

"ಕೇಳೋಕೆ ನೀನು ಎಲ್ಲಿ ಕೂತೆ?" ಚಿಕ್ಕಮ್ಮನ ಮಾತಿನಲ್ಲಿ ಸಿಟ್ಟಿರಲಿಲ್ಲ.

ಮಣ್ಣು ಮಾಡಿ ಬಂದರು. ಸಂಜೆ ಚಿಕ್ಕಮ್ಮನ ಬಲವಂತಕ್ಕೆ ಅಪ್ಪ ನಾಲ್ಕು ತುತ್ತು ಉಂಡರು. ಕಾಯಿಲೆ ಬಿದ್ದಂದಿನಿಂದ ಅವರ ಹಲ್ಲುಜ್ಜುತ್ತಿದ್ದವಳು ಹೆಂಡತಿಯೇ. ಇಂದು ಮಗಳು ಬ್ರಷ್ಷು ತಂದಾಗ ತುಟಿ ಬಿಗಿದು ಮುಖ ತಿರುಗಿಸಿದರು.

"ನಾನೇ ಅಪ್ಪಾ."

ತುಟಿ ಸಡಿಲಲಿಲ್ಲ. ಕಣ್ಣು ತುಂಬಿಕೊಂಡವು.

ಅಲ್ಲಿಯವರೆಗೂ ಜೊತೆಗಿದ್ದು ಈಗ ಹೊರಡಲು ಎದ್ದಿದ್ದ ಡ್ರೈವರ್ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಯಜಮಾನ್ರೇ, ಇನ್ನೊಬ್ಬರ ಮುಂದೆ ಬಾಯಿ ತೆಗೆಯೋಕೆ ನಂಗೂ ಜೀವ ಹೋದಂಗಾಗಿತ್ತು. ಮಗಳಲ್ವಾ, ತೆಗೀರಿ."

"ನಂಗೆ ಸರಿಯಾಗಿ ಬರಲ್ಲ ಅಪ್ಪಾ," ಎಂದಳು ಮಗಳು. "ಅಮ್ಮನ ಹತ್ರ ಕಲೀಲೇ ಇಲ್ಲ."

ಅಪ್ಪ ಬಾಯಿ ತೆರೆದರು. ಮಗಳು ಬ್ರಷ್ಷನ್ನು ನೇರವಾಗಿ ಹಲ್ಲಿಗೆ ಒತ್ತಿದಳು. ಅಪ್ಪ ನಡುಗುವ ಎಡಗೈ ಎತ್ತಿ ಅವಳ ಮಣಿಕಟ್ಟು ಹಿಡಿದರು. ವಸಡಿನ ಕಡೆಗೆ ಬ್ರಷ್ಷನ್ನು ಮೆಲ್ಲಗೆ ಓರೆ ಮಾಡಿದರು.