ಚಿತ್ರ ಇನ್ನೂ ಆಗಿಲ್ಲ

ಪರದೆಯ ಮೇಲೆ ತನ್ನದೇ ಮುಖ ಇಷ್ಟು ದೊಡ್ಡದಾಗಿ ಬಂದಾಗ ಸಣ್ಣಮಾದಯ್ಯ ಅತ್ತಿಗೆಯ ಕಿವಿಯ ಹತ್ತಿರ ಬಗ್ಗಿದ.

"ನಾನು ಇಷ್ಟೊಂದು ಕಪ್ಪಾ ಅತ್ಗೆ?"

"ನಿಮ್ಮನೇಲಿ ಕನ್ನಡಿ ಇಲ್ವಾ? ಸುಮ್ಕೆ ನೋಡು," ಎಂದಳು ಪುಟ್ಟತಾಯಮ್ಮ.

ಹಿಂದಿನ ಸಾಲಿನವರು ನಕ್ಕರು. ಒಂಟಿಕೊಪ್ಪಲಿನ ಆ ಸಣ್ಣ ಸಭಾಂಗಣದ ಗೋಡೆಗೆ ಒರಗಿ ನಿಂತಿದ್ದ ಮಂಜುಶ್ರೀ ನಗಲಿಲ್ಲ. ಅವಳು ತಾನು ತೆಗೆದ ಸಾಕ್ಷ್ಯಚಿತ್ರವನ್ನು ಬಿಟ್ಟು ಮೂರನೇ ಸಾಲಿನ ಪುಟ್ಟತಾಯಮ್ಮನನ್ನು ನೋಡುತ್ತಿದ್ದಳು. ಚಿತ್ರ ಹೊರದೇಶದ ಎರಡು ಚಿತ್ರೋತ್ಸವಗಳಿಗೆ ಹೋಗಿ ಬಂದಿತ್ತು. ಅಲ್ಲಿ ಯಾರು ಏನು ಕೇಳಿದರೂ ಅವಳಲ್ಲಿ ಉತ್ತರವಿತ್ತು. ಇಲ್ಲಿ ಅವಳು ಹೆದರಿದ್ದು ಒಂದೇ ಪ್ರಶ್ನೆಗೆ. ಅದನ್ನು ಕೇಳಬಲ್ಲವಳು ಒಬ್ಬಳೇ.

ಊರಂಚಿನ ಕಟ್ಟೆಯ ಕೆಳಗೆ, ನೀರು ಜಿನುಗುವ ಜಾಗದಲ್ಲಿ, ಪುಟ್ಟತಾಯಮ್ಮನೂ ಅವಳ ಮೈದುನನೂ ಸೊಪ್ಪು ಬೆಳೆಯುತ್ತಿದ್ದರು. ದಂಟು, ಕೀರೆ, ಸಬ್ಬಸಿಗೆ. ಬೆಳಕು ಹರಿಯುವ ಮುಂಚೆ ಕಿತ್ತು, ಕಟ್ಟೆಯ ನೀರಲ್ಲಿ ಅದ್ದಿ, ಬಾಳೆನಾರಿನಲ್ಲಿ ಕಟ್ಟು ಕಟ್ಟಿ ದೇವರಾಜ ಮಾರುಕಟ್ಟೆಗೆ ಒಯ್ಯುತ್ತಿದ್ದರು. ಮಂಜುಶ್ರೀ ಎರಡು ವರ್ಷ ಅಲ್ಲಿಗೆ ಹೋಗಿದ್ದಳು. ಚಿತ್ರದಲ್ಲಿ ಹಿನ್ನೆಲೆಯ ಮಾತಿಲ್ಲ. ನೀರಿನ ಸದ್ದು, ಕೊಕ್ಕರೆ, ಮಂಜಿನೊಳಗಿಂದ ನಿಧಾನವಾಗಿ ಮೂಡುವ ಅಪಾರ್ಟ್‌ಮೆಂಟುಗಳು, ಮಡಿಗಳ ನಡುವೆ ಬಗ್ಗಿದ ಇಬ್ಬರು. ಇನ್ನೊಮ್ಮೆ ಮಾಡಿ ಎಂದು ಅವಳು ಯಾರಿಗೂ ಹೇಳಿದವಳಲ್ಲ. ಹೀಗೆ ನಿಲ್ಲಿ ಎಂದೂ ಹೇಳಿದವಳಲ್ಲ. ಆಗುವುದನ್ನು ನೋಡುವುದಷ್ಟೇ ನಮ್ಮ ಕೆಲಸ, ನಡುವೆ ಕೈ ಹಾಕಬಾರದು ಎಂದು ಅವಳೂ ನಿರಂಜನನೂ ಮೊದಲ ದಿನವೇ ಮಾತಾಡಿಕೊಂಡಿದ್ದರು. ಕ್ಯಾಮೆರಾ ಅವಳದು, ಸಂಕಲನ ಅವನದು.

ಎರಡನೇ ವರ್ಷ ಕಟ್ಟೆಯ ಅಭಿವೃದ್ಧಿ ಶುರುವಾಯಿತು. ಸುತ್ತ ಬೇಲಿ, ಏರಿಯ ಮೇಲೆ ನಡೆಯುವವರಿಗೆ ಹಾದಿ, ಕಲ್ಲಿನ ಬೆಂಚು. ಶಿವರಾತ್ರಿ ಕಳೆದ ವಾರ ಜೆಸಿಬಿ ಬಂದು ಮಡಿಗಳನ್ನೆಲ್ಲ ಸಮ ಮಾಡಿತು. ಬೇಸಾಯ ಮಾಡುತ್ತಿದ್ದುದು ನಿಜವಾದರೆ ಬೇರೆ ಕಡೆ ಜಾಗ ಕೊಡುತ್ತೇವೆ, ಸ್ಥಳ ತನಿಖೆಗೆ ಬಂದಾಗ ಏನಾದರೂ ಪುರಾವೆ ತೋರಿಸಿ ಎಂದು ಕಚೇರಿಯವರು ಹೇಳಿದರು. ಮೇಲ್ಗಡೆ ಬೇಸಾಯ ಮಾಡುತ್ತಿದ್ದ ನಾಲ್ಕು ಮನೆಯವರ ಹತ್ತಿರ ಹಳೆಯ ಕಂದಾಯದ ರಸೀದಿಗಳಿದ್ದವು. ಇವರ ಹತ್ತಿರ ಏನೂ ಇರಲಿಲ್ಲ.

ತನಿಖೆಗೆ ಮೂರು ದಿನ ಇದ್ದಾಗ ಪುಟ್ಟತಾಯಮ್ಮ ವಿಳಾಸ ಕೇಳಿಕೊಂಡು ಮಂಜುಶ್ರೀಯ ಮನೆಗೆ ಬಂದಿದ್ದಳು. ಕುರ್ಚಿ ಬೇಡವೆಂದು ಬಾಗಿಲ ಹತ್ತಿರ ನೆಲದ ಮೇಲೆ ಕೂತು ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಆಮೇಲೆ ಕೇಳಿದ್ದಳು.

"ಚಿತ್ರ ಆಯ್ತಾ ಮಗ? ಆಪೀಸ್ನೋರು ಏನಾರ ತೋರ್ಸಿ ಅಂತಾವ್ರೆ."

"ಇನ್ನೂ ಆಗಿಲ್ಲ ಅಮ್ಮ," ಎಂದಿದ್ದಳು ಮಂಜುಶ್ರೀ.

ಅವಳ ಕಸುಬಿನಲ್ಲಿ ಅದು ಸುಳ್ಳಲ್ಲ. ಕತ್ತರಿಸಿ, ಜೋಡಿಸಿ, ಸದ್ದು ಕೂರಿಸುವವರೆಗೆ ಚಿತ್ರ ಆಗುವುದಿಲ್ಲ. ಆದರೆ ಎರಡು ವರ್ಷದ ದೃಶ್ಯಗಳು ಒಳಗಿನ ಕೋಣೆಯ ಮೇಜಿನ ಮೇಲೆ ಇದ್ದವು. ಒಂದೊಂದಕ್ಕೂ ತೆಗೆದ ತಾರೀಖು, ಗಂಟೆ, ನಿಮಿಷ. ಒಂದು ತುಣುಕು ಹೊರಗೆ ಹೋದರೂ ಅದು ಫೋನಿನಿಂದ ಫೋನಿಗೆ ಹೋಗಿ ಟೀವಿಯಲ್ಲಿ ಬರುತ್ತದೆ, ಯಾರೂ ನೋಡದ ಚಿತ್ರವೇ ಬೇಕು ಅನ್ನುವ ಉತ್ಸವದವರು ಬಾಗಿಲು ಹಾಕುತ್ತಾರೆ ಎಂದು ನಿರಂಜನ ಹಿಂದಿನ ದಿನವಷ್ಟೇ ಹೇಳಿದ್ದ. ಅವಳು ಒಪ್ಪಿದ್ದಳು. ನಿರಂಜನನಿಗೂ ಹೇಳದ ಇನ್ನೊಂದಿತ್ತು. ಜೆಸಿಬಿ ಬರುವವರೆಗೆ ಚಿತ್ರಕ್ಕೊಂದು ಕೊನೆ ಸಿಕ್ಕಿರಲಿಲ್ಲ. ಆ ಬೋಳು ನೆಲವನ್ನು ಕ್ಯಾಮೆರಾದಲ್ಲಿ ಕಂಡ ದಿನ ಅವಳಿಗೆ ಅದು ಸಿಕ್ಕಿತ್ತು.

ಪುಟ್ಟತಾಯಮ್ಮ ತಲೆಯಾಡಿಸಿ ಎದ್ದಿದ್ದಳು. ಅವಸರ ಮಾಡಬೇಡ, ಹೊತ್ತಿಗೆ ಮುಂಚೆ ಕಿತ್ತರೆ ಯಾವುದೂ ನಿಲ್ಲುವುದಿಲ್ಲ ಎಂದು ಇವಳಿಗೇ ಸಮಾಧಾನ ಹೇಳಿ ಹೋಗಿದ್ದಳು. ತನಿಖೆಯ ವರದಿಯಲ್ಲಿ ಅವರ ಜಾಗದ ಮುಂದೆ 'ಖಾಲಿ' ಎಂದು ಬರೆದರು. ಈಗ ಅವಳು ಒಂದು ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯುತ್ತಾಳೆ. ಸಣ್ಣಮಾದಯ್ಯನಿಗೆ ಕೆಲಸ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಚಿತ್ರ ಮುಗಿಯಿತು. ಚಪ್ಪಾಳೆ ಬಹಳ ಹೊತ್ತು ಇತ್ತು. ಸಂಘಟಕರಾದ ಷಡಕ್ಷರಿಯವರು ಪುಟ್ಟತಾಯಮ್ಮನನ್ನೂ ಸಣ್ಣಮಾದಯ್ಯನನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರು. ಆಮೇಲೆ ಮಂಜುಶ್ರೀಯ ಕಡೆ ತಿರುಗಿ, ಸೊಪ್ಪಿನ ಮೇಲೆ ಮಂಜು ಕರಗುವ ಆ ಉದ್ದನೆಯ ದೃಶ್ಯವನ್ನು ಯಾವಾಗ ತೆಗೆದಿರಿ ಎಂದು ಕೇಳಿದರು.

ಅವಳಿಗೆ ಅದು ತುಂಬ ಇಷ್ಟದ ದೃಶ್ಯ. ಯೋಚಿಸದೆ ಹೇಳಿದಳು. ಸಂಕ್ರಾಂತಿಯ ಹಿಂದಿನ ದಿನ ತೆಗೆದದ್ದು, ಅದೇ ಮಧ್ಯಾಹ್ನ ಮನೆಯಲ್ಲಿ ಹಾಕಿಕೊಂಡು ನೋಡಿದೆವು, ನೋಡಿದ ಕೂಡಲೇ ಇದನ್ನು ಕತ್ತರಿಸಬಾರದು ಅನ್ನಿಸಿತು, ತೆಗೆದದ್ದು ತೆಗೆದ ಹಾಗೇ ಇದೆ.

ಹೇಳಿ ಮುಗಿಸಿದ ಮೇಲೆ ಪಕ್ಕಕ್ಕೆ ನೋಡಿದಳು. ಪುಟ್ಟತಾಯಮ್ಮ ಶಾಲಿನ ಅಂಚನ್ನು ಮಡಿಸುವುದನ್ನು ನಿಲ್ಲಿಸಿದ್ದಳು.

ಹೊರಗೆ ಜಗಲಿಯಲ್ಲಿ ಎಲ್ಲರಿಗೂ ಉಪ್ಪಿಟ್ಟು, ಕಾಫಿ ಕೊಡುತ್ತಿದ್ದರು. ಕಂಬದ ಹತ್ತಿರ ಮೂವರೇ ಇದ್ದಾಗ ಪುಟ್ಟತಾಯಮ್ಮ ತಟ್ಟೆಯನ್ನು ಕೆಳಗಿಟ್ಟು ಕೇಳಿದಳು.

"ಸಂಕ್ರಾಂತಿಗೇ ಇತ್ತಾ ಇದು ನಿನ್ತಾವ?"

ಮಂಜುಶ್ರೀ ಬಾಯಿ ತೆರೆಯುವ ಮೊದಲೇ ಸಣ್ಣಮಾದಯ್ಯ ನಡುವೆ ಬಂದ. ಇವೆಲ್ಲ ಕಂಪ್ಯೂಟರಿನ ಕೆಲಸ, ನಮಗೆ ತಿಳಿಯುವಂಥದ್ದಲ್ಲ ಎಂದ. ಆ ಹುಡುಗಿಗೆ ಆಪೀಸಿನ ವಿಷಯ ಏನು ಗೊತ್ತಿರುತ್ತದೆ ಎಂದ. "ಬುಡಿ ಅತ್ಗೆ, ಉಪ್ಪಿಟ್ ಆರೋಯ್ತದೆ."

ಅವನು ತೆರೆದುಕೊಟ್ಟ ದಾರಿ ಅಗಲವಾಗಿತ್ತು. ಮಂಜುಶ್ರೀ ಆ ದಾರಿ ಹಿಡಿಯಲಿಲ್ಲ.

"ಇತ್ತು," ಎಂದಳು. "ನನಗೆ ಗೊತ್ತಿತ್ತು."

"ಕೇಳ್ದಾಗ ಇಲ್ಲ ಅಂದ್ಯಲ್ಲ ಮಗ."

"ಇಲ್ಲ ಅನ್ನಲಿಲ್ಲ ಅಮ್ಮ. ಇನ್ನೂ ಆಗಿಲ್ಲ ಅಂದೆ."

ಆ ಮಾತು ಎಷ್ಟು ಸಣ್ಣದು ಎಂದು ಹೊರಬಿದ್ದ ಮೇಲೆ ಅವಳಿಗೇ ಕೇಳಿಸಿತು. ಸಣ್ಣಮಾದಯ್ಯ ತಟ್ಟೆ ಹಿಡಿದುಕೊಂಡು ಕಾಂಪೌಂಡಿನ ಕಡೆ ನೋಡತೊಡಗಿದ.

ಪುಟ್ಟತಾಯಮ್ಮನ ದನಿ ಏರಲಿಲ್ಲ. ಬೇರೆ ಯಾರದೋ ವಿಷಯ ಹೇಳುವವಳ ಹಾಗೆ ಹೇಳಿದಳು.

"ಅವತ್ತು ಆಪೀಸ್ನೋರ ಮುಂದೆ ಮಣ್ಣು ಮುಟ್ಟಿ ಆಣೆ ಮಾಡ್ದೆ. ಇದೇ ಮಣ್ಣು ಸಾಕ್ಷಿ ಅಂದೆ. ಆವಯ್ಯ ನಕ್ಬುಟ್ಟ. ನೀನೂ ಇದ್ದೆ. ಅದ್ನೂ ತಗ್ದಿದ್ಯಲ್ವಾ?"

"ತೆಗೆದಿದ್ದೆ."

"ಇದ್ರಲ್ಲಿ ಬರ್ನಿಲ್ವಲ್ಲ."

"ಹಾಕಲಿಲ್ಲ," ಎಂದಳು ಮಂಜುಶ್ರೀ.

ಆ ದೃಶ್ಯವನ್ನು ಮಂಜುಶ್ರೀ ಒಂದೇ ಒಂದು ಸಲ ನೋಡಿದ್ದಳು. ಅದರಲ್ಲಿ ಪುಟ್ಟತಾಯಮ್ಮ ಆಣೆ ಮಾಡಿ, ಅಧಿಕಾರಿ ನಕ್ಕ ಮೇಲೆ, ಮುಷ್ಟಿಯ ಮಣ್ಣನ್ನು ಹಾಗೇ ಹಿಡಿದುಕೊಂಡು ಕ್ಯಾಮೆರಾದ ಕಡೆ ತಿರುಗುತ್ತಾಳೆ. ಎರಡು ವರ್ಷದಲ್ಲಿ ಅವಳು ಕ್ಯಾಮೆರಾವನ್ನು ನೇರವಾಗಿ ನೋಡಿದ್ದು ಅಲ್ಲಿ ಮಾತ್ರ. ನೀನಾದರೂ ಹೇಳು ಅನ್ನುವ ಹಾಗೆ ನೋಡುತ್ತಾಳೆ. ಚಿತ್ರದ ಲಯ ಅಲ್ಲಿ ಕೆಡುತ್ತದೆ ಎಂದು ನಿರಂಜನನಿಗೆ ಹೇಳಿ ಮಂಜುಶ್ರೀಯೇ ಅದನ್ನು ಬಿಡಿಸಿದ್ದಳು.

"ಅಮ್ಮ, ಈಗಲಾದರೂ ಕಚೇರಿಗೆ ನಾನೇ ತಗೊಂಡು ಹೋಗಿ..."

"ಈಗ ಅಲ್ಲಿ ಬೆಂಚು ಹಾಕವ್ರಲ್ಲ," ಎಂದಳು ಪುಟ್ಟತಾಯಮ್ಮ.

ನಾಲ್ಕೈದು ಕಾಲೇಜು ಹುಡುಗಿಯರು ಹತ್ತಿರ ಬಂದರು. ಚಿತ್ರ ನೋಡಿ ಅವರ ಕಣ್ಣು ಇನ್ನೂ ಒದ್ದೆಯಾಗಿತ್ತು. ಅಜ್ಜಿಯ ಜೊತೆ ಒಂದು ಫೋಟೋ ಬೇಕು ಎಂದು ಒಬ್ಬಳು ಕೇಳಿದಳು. ಪುಟ್ಟತಾಯಮ್ಮ ಬೇಡವೆನ್ನಲಿಲ್ಲ. ಸೆರಗು ಸರಿಮಾಡಿಕೊಂಡು ಅವರು ಹೇಳಿದ ಕಡೆ ನಿಂತಳು. ಮೇಡಂ ನೀವೂ ಬನ್ನಿ ಎಂದು ಮಂಜುಶ್ರೀಯನ್ನೂ ಎಳೆದು ಪಕ್ಕದಲ್ಲೇ ನಿಲ್ಲಿಸಿದರು. ಇಬ್ಬರ ಭುಜಗಳೂ ತಾಗುತ್ತಿದ್ದವು. ಪುಟ್ಟತಾಯಮ್ಮನ ಮೈಯಿಂದ ಪಾತ್ರೆ ತೊಳೆಯುವ ಸೋಪಿನ ವಾಸನೆ ಬಂತು.

"ಅಜ್ಜಿ, ಇಲ್ಲಿ ನೋಡಿ," ಎಂದಳು ಫೋನು ಹಿಡಿದವಳು.

ಮಂಜುಶ್ರೀ ನೋಡಿದಳು.

"ಅಜ್ಜಿ, ಫೋನ್ ನೋಡಿ. ಒಂದೇ ಒಂದು ಸಲ."

ಪುಟ್ಟತಾಯಮ್ಮ ನೆಟ್ಟಗೆ ನಿಂತಿದ್ದಳು. ರಸ್ತೆಯಾಚೆ ಬಸ್ಸಿಗೆ ಕಾಯುವವರು ಮರದ ನೆರಳು ಸರಿದ ಹಾಗೆ ಒಂದೊಂದೇ ಹೆಜ್ಜೆ ಸರಿದು ನಿಲ್ಲುತ್ತಿದ್ದರು. ಅವಳು ಅವರನ್ನೇ ನೋಡುತ್ತಿದ್ದಳು.