ಊಟೆಯ ಹಳದಿ ಹೂ

ಸೈಮಿ ಅತ್ತೆಗೆ ಫೋನ್ ಮಾಡಿ ಬರುವ ಅಭ್ಯಾಸವೇ ಇಲ್ಲ. ಆಗಸ್ಟ್ ಕೊನೆಯ ಆ ಶುಕ್ರವಾರವೂ ರಬ್ಬರ್ ಬೂಟಿನಲ್ಲೇ, ಕೆಸರು ಉದುರಿಸುತ್ತ, ನಾನು ಕೆಲಸ ಮಾಡುವ ಒಣಗಿಡಗಳ ಸಂಗ್ರಹಾಲಯಕ್ಕೆ ನುಗ್ಗಿದಳು. ಕೈಯಲ್ಲಿ ಕಾಫಿ ಫ್ಲಾಸ್ಕು. ಒಳಗೆ ಕಾಫಿ ತರಬೇಡ ಎಂದು ಅದೆಷ್ಟು ಸಲ ಬಡಿದುಕೊಂಡಿದ್ದೇನೋ.

"ಅದನ್ನ ಹೊರಗಿಟ್ಟು ಬಾ ಅತ್ತೆ."

"ಯಾಕೆ, ನಿನ್ನ ಒಣಹುಲ್ಲಿಗೂ ಕುಡಿಯೋ ಆಸೆ ಆಗುತ್ತೇನು?" ಎಂದು ಫ್ಲಾಸ್ಕನ್ನು ಬಾಗಿಲಾಚೆ ಇಟ್ಟು ಬಂದಳು. "ರಾಕೆಲ್, ಆ ಹಳದಿ ಹೂ ಅಂಟಿಸಿರೋ ಹಾಳೆಗಳನ್ನ ತೆಗಿ. ನಮ್ಮೂರಿಂದ ಬಂದಿರೋವು."

ವಿಷಯ ನನಗೆ ಗೊತ್ತಿತ್ತು. ಅವಳ ಮನೆಯ ಹಿಂದಿನ ಜವುಗನ್ನು ಅದರ ಒಡೆಯ, ಒಣಗಿದರೆ ಸೌದೆಯಂತೆ ಉರಿಯುವ ಜವುಗುಮಣ್ಣನ್ನು ಅಗೆದು ಮಾರುವವರಿಗೆ ಕೊಟ್ಟುಬಿಟ್ಟಿದ್ದ. ಸೋಮವಾರ ಕಾಲುವೆ ತೋಡಿ ನೀರು ಬಸಿಯುವ ಯಂತ್ರ ಬರುವುದಿತ್ತು. ಆ ಜವುಗಿನ ನಡುವೆ ಒಂದು ನೀರಿನ ಊಟೆ ಇದೆ. ಅದರ ಸುತ್ತ ಹಿಂದೆಲ್ಲ ಲೆಟ್ಟೊರಿಕ್ಕೊ ಎಂಬ, ಈಗ ಕಾನೂನಿನ ರಕ್ಷಣೆಯಿರುವ ಅಪರೂಪದ ಗಿಡ ಅರಳುತ್ತಿತ್ತು, ಹಳದಿಯ ಐದೆಸಳು, ಎಸಳಿನ ಬುಡದಲ್ಲಿ ಕಿತ್ತಳೆ ಚುಕ್ಕಿ. ಜೀವಂತ ಗಿಡ ಒಂದೇ ಒಂದು ತೋರಿಸಿದರೂ ಯಂತ್ರ ನಿಲ್ಲಿಸುತ್ತೇನೆ ಎಂದಿದ್ದ ಪರಿಸರ ಅಧಿಕಾರಿ. ಅತ್ತೆ ಬೇಸಿಗೆಯಿಡೀ ಸೊಳ್ಳೆಯಿಂದ ಕಚ್ಚಿಸಿಕೊಂಡು ಹುಡುಕಿದ್ದಳು. ಒಂದೂ ಸಿಕ್ಕಿರಲಿಲ್ಲ. ಹಾಳೆಯ ಚೀಟಿಯಲ್ಲಿ ಗಿಡ ಕಿತ್ತ ಜಾಗ ಬರೆದಿರುತ್ತದಲ್ಲ, ಅದನ್ನು ನೋಡಿಕೊಂಡು ಇನ್ನೊಮ್ಮೆ ಹೋಗುವುದು ಅವಳ ಯೋಚನೆ.

ಅವಳ ಕಾಲದಲ್ಲಿ ಬೇಸಿಗೆ ರಜೆ ಬಂತೆಂದರೆ ಪ್ರತಿ ಮಗುವೂ ಗಿಡ ಕಿತ್ತು, ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ ಮೇಷ್ಟ್ರಿಗೆ ಒಪ್ಪಿಸಲೇಬೇಕಿತ್ತು. ಊರಿನ ಶಾಲೆ ಮುಚ್ಚಿದಾಗ ಆ ರಾಶಿಯೆಲ್ಲ ನಮ್ಮ ಕಪಾಟಿಗೆ ಬಂತು.

ಮೊದಲ ಹಾಳೆ ಅತ್ತೆಯದೇ. 'ಊಟೆಯ ಪೂರ್ವ ದಂಡೆ' ಎಂದು ಗುಂಡಗಿನ ಅಕ್ಷರ. ಎರಡನೆಯದು ಪಕ್ಕದ ಮನೆಯ ಐಲಿಯದು, ಉತ್ತರ ದಂಡೆ. ಮುಂದಿನದು ಇನ್ಯಾರದೋ, ಪಶ್ಚಿಮ ದಂಡೆ. ನಾನು ತೆಗೆಯುತ್ತ ಹೋದೆ, ಅವು ಬರುತ್ತಲೇ ಹೋದವು. ಎಲ್ಲವೂ ಅದೇ ಊಟೆಯವು, ಅದೇ ವಾರದವು.

"ಇಷ್ಟೊಂದು ಜನ ಯಾರು ಅತ್ತೆ?"

"ನಾವೇ ಕಣೇ, ಇಡೀ ಶಾಲೆ." ಅವಳ ದನಿ ಇಳಿಯಿತು. "ನಾನೇ ಕರ್ಕೊಂಡು ಹೋಗಿದ್ದೆ. ಪಾಪ, ಮೇಷ್ಟ್ರು ಹೇಳಿದ ಲೆಕ್ಕಕ್ಕೆ ಯಾರಿಗೂ ಗಿಡ ಸಾಲ್ತಿರಲಿಲ್ಲ. ಬೇರಿಲ್ಲದೆ ತಂದ್ರೆ ಮೇಷ್ಟ್ರು ವಾಪಸ್ ಕೊಡೋರು."

ಸಿಟ್ಟು ಮಾಡುವುದಾದರೂ ಯಾರ ಮೇಲೆ? ಗೆಳೆಯರಿಗೆ ನೆರವಾದ ಹುಡುಗಿಯ ಮೇಲೋ, ಸತ್ತು ಮಣ್ಣಾದ ಮೇಷ್ಟ್ರ ಮೇಲೋ?

"ಇವುಗಳಲ್ಲಿ ಬೀಜ ಇರುತ್ತಲ್ವಾ? ಉದುರಿಸಿ ಬಿತ್ತಿದ್ರೆ?"

"ಹೂವಿದ್ದಾಗಲೇ ಕಿತ್ತಿದ್ದೀರಿ ಅತ್ತೆ. ಕಾಯಿ ಕಟ್ಟೋಕೆ ಎಲ್ಲಿ ಬಿಟ್ರಿ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಮೇಜಿನ ಮೇಲಿದ್ದ ಪೆನ್ನನ್ನು ನನ್ನತ್ತ ತಳ್ಳಿದಳು.

"ಹಾಗಾದ್ರೆ ನೀನೇ ಬರ್ಕೊಡು. ಈ ವರ್ಷ ಕಣ್ಣಾರೆ ಕಂಡೆ ಅಂತ. ನಿನ್ನ ಮಾತು ಆ ಅಧಿಕಾರಿ ನಂಬ್ತಾನೆ."

"ನಂಬ್ತಾನೆ. ನಂಬಿ, ನೋಡೋಕೆ ಬರ್ತಾನೆ."

"ಬರ್ಲಿ."

"ಬಂದ್ರೆ ಏನು ತೋರಿಸ್ತೀಯ?"

ಉಪಯೋಗವಾಗುವಂತಿದ್ದರೆ ಸುಳ್ಳು ಬರೆಯಲು ನನಗೇನೂ ಹಿಂಜರಿಕೆ ಇರಲಿಲ್ಲ. ಇಷ್ಟು ವರ್ಷ ಈ ಕಪಾಟುಗಳನ್ನು ಧೂಳು ತಾಗದಂತೆ, ಹುಳ ಬೀಳದಂತೆ ಕಾಯ್ದವಳು ನಾನು. ಒಂದು ಗಿಡ ಬದುಕಿಸಲು ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಅತ್ತೆ ತನ್ನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೂವಿನ ಹಳದಿ ಬಣ್ಣ ಕಂದಿತ್ತು. ಕೆಳಗೆ ಬೇರುಗಳನ್ನು ಕೂದಲು ಬಾಚಿದ ಹಾಗೆ ಬಿಡಿಸಿ ಅಂಟಿಸಿದ್ದಳು. ಅವುಗಳ ಮೇಲೆ ಬೆರಳಾಡಿಸಿದಳು. ಮುಟ್ಟಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

"ಎಷ್ಟು ಹುಷಾರಾಗಿ ತೆಗೆದಿದ್ದೆ ನೋಡು," ಎಂದಳು ಅತ್ತೆ. "ಒಂದೆಳೆನೂ ಅಲ್ಲಿ ಬಿಟ್ಟು ಬಂದಿಲ್ಲ."